ಒತ್ತಕ್ಷರಕ್ಕೆ ಜಾಗ ಬಿಟ್ಟ ಥೀಮ್

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ. ಕೇರಳ ಸರಕಾರದ 'ಕೈಟ್' ಸಂಸ್ಥೆ ಶಾಲೆಗಳಿಗೆ ಕೊಡುವುದು ಉಬುಂಟು ಆಧರಿಸಿದ ಮುಕ್ತ ತಂತ್ರಾಂಶವನ್ನೇ. ಬದಿಯಡ್ಕದ ಕಡೆಯ ಒಂದು ಲ್ಯಾಬಿನಲ್ಲಿ ಮೆನುವನ್ನು ಕನ್ನಡಕ್ಕೆ ಬದಲಿಸಿ ನೋಡಿದೆ. ಸಾಲುಗಳು ಇಕ್ಕಟ್ಟಾಗಿ, 'ಮುದ್ರಿಸು' ಎಂಬಲ್ಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಓದಲು ಕಲಿಯುತ್ತಿರುವ ಮಗುವಿಗೆ ಇದು ಸಣ್ಣ ತೊಂದರೆಯಲ್ಲ.

ಒಬ್ಬರ ಯಂತ್ರಕ್ಕಾದರೆ ಮನೆ ಫೋಲ್ಡರಿನಲ್ಲಿ ಸಾಲುಗಳ ಅಂತರ ಹೆಚ್ಚಿಸುವ ಪುಟ್ಟ ಸಿಎಸ್‌ಎಸ್ (ಪರದೆಯ ಮೇಲಿನ ರೂಪ, ಅಳತೆ ಹೇಳುವ ಭಾಷೆ) ಕಡತ ಇಟ್ಟರೆ ಸಾಕು. ನನಗೆ ಇಡೀ ಲ್ಯಾಬಿಗೆ ಬೇಕಿತ್ತು. ಹಾಗಾಗಿ ಉಬುಂಟು 2018ರಿಂದ ಬಳಸುತ್ತಿರುವ 'ಯಾರು' ಎಂಬ ಹೆಸರಿನ ಥೀಮಿನ, ಅಂದರೆ ಮೆನು, ಕಿಟಕಿಗಳ ರೂಪ ಗೊತ್ತುಮಾಡುವ ಕಡತಗಳ, ಮೂಲ ಕೋಡನ್ನೇ ತಿದ್ದಲು ಇಳಿಸಿಕೊಂಡೆ.

ಥೀಮಿನ ಮೂಲ ಬರೆದಿರುವುದು ಸಾಸ್ ಭಾಷೆಯಲ್ಲಿ. 'ಸಾಸ್‌ಸಿ' ಅದನ್ನು ಸಿಎಸ್‌ಎಸ್ ಮಾಡುತ್ತದೆ, ಇನ್ನೊಂದು ಉಪಕರಣ ಅದನ್ನೂ ಚಿತ್ರಗಳನ್ನೂ ಒಂದೇ ಕಟ್ಟಾಗಿ ಬಿಗಿಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುವುದು ಮೆಸನ್, ಮಾಡಿಸುವುದು ನಿಂಜಾ. ಮೆಸನ್ ತನಗೆ ಸಿಗದ ಮೊದಲ ಉಪಕರಣದ ಹೆಸರು ಹೇಳಿ ಅಲ್ಲೇ ನಿಲ್ಲುತ್ತದೆ. ಅದನ್ನು ಹಾಕಿಕೊಟ್ಟರೆ ಮುಂದಿನದರ ಹೆಸರು. ಕಟ್ಟು ಬಿಗಿಯುವ ಉಪಕರಣ ಬರುವುದು ಗ್ಲಿಬ್ ಎಂಬ ಲೈಬ್ರರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿನ) ಜೊತೆಗೆ, ಆದರೆ ಗ್ಲಿಬ್ ಯಂತ್ರದಲ್ಲಿ ಆಗಲೇ ಇತ್ತಲ್ಲ! ಉಬುಂಟುವಿನಲ್ಲಿ ಲೈಬ್ರರಿಗಳನ್ನು ಎರಡು ಪಾಲು ಮಾಡಿರುತ್ತಾರೆ: ಪ್ರೋಗ್ರಾಂ ಓಡಲು ಬೇಕಾದದ್ದು ಒಂದು, ಕಟ್ಟಲು ಬೇಕಾದದ್ದು ಹೆಸರಿನ ಕೊನೆಗೆ 'ಡೆವ್' ಎಂದಿರುವ ಇನ್ನೊಂದು. ಎರಡನೆಯದು ತಾನಾಗಿ ಬರುವುದಿಲ್ಲ. ಮೂಲದಿಂದ ಕಟ್ಟಲು ಹೊರಟ ಹೊಸಬರು ಮೊದಲು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ.

ಆಮೇಲೆ ನಿಂಜಾ ನಿಂತಿತು. ಕೊನೆಯ ಸಾಲಿನಲ್ಲಿದ್ದದ್ದು 'ಕೆಲಸ ನಿಂತಿದೆ' ಎಂಬಷ್ಟೇ. ಆ ಸಾಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಏನೂ ಸಿಗದು. ಮೇಲೆ, ಇನ್ನೂ ಮೇಲೆ ಹೋಗಿ ಮೊದಲ ತಪ್ಪು ಹುಡುಕಬೇಕು. ಅಲ್ಲಿ ಸಾಸ್‌ಸಿ ಕಡತದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಬರೆದೇ ಇಟ್ಟಿತ್ತು. ನಾನು ಒಂದು ಚರದ (ವೇರಿಯಬಲ್‌ನ) ಹೆಸರನ್ನು ತಪ್ಪಾಗಿ ಬರೆದಿದ್ದೆ.

ತಿದ್ದಿ, ಕಟ್ಟಿ, ಹಾಕಿದೆ. ಪರದೆ ಮಾತ್ರ ಹಾಗೆಯೇ ಇತ್ತು. ನನ್ನನ್ನು ತುಂಬ ಸತಾಯಿಸಿದ್ದು ಇದೇ, ಯಾಕೆಂದರೆ ಈಗ ತಪ್ಪು ತೋರಿಸುವ ಒಂದು ಸಾಲೂ ಇರಲಿಲ್ಲ. ಮೆನು, ಕಿಟಕಿಗಳನ್ನು ಪರದೆಗೆ ಬಿಡಿಸುವ ಜಿಟಿಕೆ ಎಂಬ ಲೈಬ್ರರಿ ಥೀಮನ್ನು ಮೊದಲು ಬಳಕೆದಾರರ ಮನೆ ಫೋಲ್ಡರಿನಲ್ಲಿ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ವ್ಯವಸ್ಥೆಯ ಫೋಲ್ಡರಿಗೆ ಹೋಗುತ್ತದೆ. ನನ್ನ ಹಳೆಯ ಪ್ರಯೋಗದ ಪ್ರತಿಯೊಂದು ಅದೇ ಹೆಸರಿನಲ್ಲಿ ಮನೆ ಫೋಲ್ಡರಿನೊಳಗೆ ಅಡಗಿ ಕೂತಿತ್ತು.

ಅದನ್ನು ತೆಗೆದು ಮತ್ತೆ ಲಾಗಿನ್ ಆದೆ. 'ಮುದ್ರಿಸು'ವಿನ ಕೆಳಗೆ ರಕಾರದ ಒತ್ತು ಯಾವುದಕ್ಕೂ ತಾಗದೆ, ಪೂರ್ತಿಯಾಗಿ ಕಾಣಿಸಿತು.