ಚಿತ್ರ ತೆಗೆಯಾಕ ಬರಂಗಿಲ್ಲ, ಆರ್ಕಿಟೆಕ್ಚರ್ ಓದಬಹುದೇನ್ರೀ?

ಪ್ರಶ್ನೆ: ನಮ್ಮ ಮಗಳು ಸಿಂಧನೂರಾಗ ಪಿಯುಸಿ ಸೈನ್ಸ್ ಓದಾಕತ್ಯಾಳ್ರೀ ಸರ್. ಆರ್ಕಿಟೆಕ್ಚರ್ ಮಾಡ್ತೀನಿ ಅಂತ ಹಟ ಹಿಡದಾಳ. ಲೆಕ್ಕದಾಗ ಚಲೋ ಅದಾಳ, ಆದ್ರ ಚಿತ್ರ ತೆಗೆಯಾಕ ಬರಂಗಿಲ್ಲ. ಸೇರಿಸಬಹುದೇನ್ರೀ?

ಉತ್ತರ: ಸೇರಿಸಿ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಪಿಯುಸಿ ರಿಸಲ್ಟ್ ಹೊತ್ತಿಗೆ ಬಳ್ಳಾರಿ, ಗಂಗಾವತಿ, ಮಾನ್ವಿ ಕಡೆಯಿಂದ ವರ್ಷವರ್ಷವೂ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಹೇಳುತ್ತೇನೆ, ಮರುವರ್ಷ ಮತ್ತೆ ಅದೇ. ಗಣಿತದಲ್ಲಿ ಗಟ್ಟಿ ಇರುವ ಮಕ್ಕಳು ಈ ಒಂದು ಹೆದರಿಕೆಗೆ ಅರ್ಜಿಯನ್ನೇ ಹಾಕದೆ ಬಿಡುತ್ತಾರೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತೇನೆ.

ಮೊದಲು ಪ್ರವೇಶದ ಮಾತು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಬೇಕು, ಆರ್ಕಿಟೆಕ್ಚರ್ ಪ್ರವೇಶಕ್ಕೆಂದೇ ಇರುವ ನಾಟಾ ಪರೀಕ್ಷೆ ಬರೆಯಬೇಕು. ಈಗಿನ ನಾಟಾಗೆ ಒಟ್ಟು 200 ಅಂಕ. ಅದರಲ್ಲಿ ಚಿತ್ರ ಮತ್ತು ಸಂಯೋಜನೆಯ ಭಾಗಕ್ಕೆ 80. ಉಳಿದ 120 ತರ್ಕ, ಲೆಕ್ಕ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪ್ರಶ್ನೆಗಳಿಗೆ. ಆ 80ರಲ್ಲೂ ಒಂದು ಪಾಲು, ಕೊಟ್ಟ ತುಂಡುಗಳನ್ನು ಜೋಡಿಸಿ ಮಾದರಿ ಕಟ್ಟುವುದಕ್ಕೆ. ನಮ್ಮ ರಾಜ್ಯದಲ್ಲಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಕೊಡುವ ರ‍್ಯಾಂಕಿಗೆ ನಾಟಾ ಅರ್ಧ, ಪಿಯುಸಿ ಅಂಕ ಅರ್ಧ. ಚಿತ್ರಕಾರರಿಗೆ ಮಾತ್ರ ಬಾಗಿಲು ತೆರೆದಿದೆ ಎಂಬ ಮಾತು ಇಲ್ಲೇ ಬಿದ್ದುಹೋಗಬೇಕಿತ್ತು. ಬೀಳುವುದಿಲ್ಲ, ಯಾಕೆಂದರೆ 'ಡ್ರಾಯಿಂಗ್' ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಬಣ್ಣದ ಸೂರ್ಯೋದಯ.

ಆರ್ಕಿಟೆಕ್ಚರ್ ಕಲಿಸುವ ನಮಗೆ ಡ್ರಾಯಿಂಗ್ ಎಂದರೆ ಪ್ಲಾನ್, ಸೆಕ್ಷನ್, ಎಲಿವೇಶನ್. ಅಂದರೆ ಮನೆಯನ್ನು ಮೇಲಿನಿಂದ ನೋಡಿದ ನಕ್ಷೆ, ಉದ್ದಕ್ಕೆ ಸೀಳಿ ಒಳಗಿನ ಎತ್ತರ ತೋರಿಸುವ ನಕ್ಷೆ, ಹೊರಗಿನಿಂದ ಕಾಣುವ ಮುಖದ ನಕ್ಷೆ. ಸ್ಟುಡಿಯೋದಲ್ಲಿ, ಅಂದರೆ ನಮ್ಮ ಡಿಸೈನ್ ತರಗತಿಯಲ್ಲಿ, ಪ್ರತಿ ಬ್ಯಾಚಿನಲ್ಲೂ ಕಾಣುವ ಒಂದು ತಪ್ಪು ಹೇಳುತ್ತೇನೆ. ಹುಡುಗ ಶೇಡಿಂಗ್ ಮಾಡಿದ ಸೊಗಸಾದ ಪರ್‌ಸ್ಪೆಕ್ಟಿವ್, ಅಂದರೆ ಕಟ್ಟಡ ಕಣ್ಣಿಗೆ ಕಾಣುವಂತೆ ಬರೆದ ಚಿತ್ರ, ತಂದಿಡುತ್ತಾನೆ. ಮರಕ್ಕೆ ಎಲೆ, ಎಲೆಗೆ ನೆರಳು, ಎಲ್ಲಾ ಇರುತ್ತದೆ. ಮೆಟ್ಟಿಲ ಮೇಲೆ ಹಾಯುವ ಸೆಕ್ಷನ್ ತೆಗೆಯಪ್ಪಾ ಎಂದರೆ ಬಂಡವಾಳ ಬಯಲಾಗುತ್ತದೆ. ಮಹಡಿಯ ಎತ್ತರ 3 ಮೀಟರ್. ಒಂದು ಮೆಟ್ಟಿಲಿನ ಏರು 150 ಮಿಲಿಮೀಟರ್ ಹಿಡಿದರೆ 20 ಏರು. ಅರ್ಧಕ್ಕೆ ತಿರುಗುವ ಲ್ಯಾಂಡಿಂಗ್ 1.5 ಮೀಟರಿಗೆ ಬರುತ್ತದೆ, ಸ್ಲ್ಯಾಬಿನ ದಪ್ಪ ಕಳೆದರೆ ಅದರ ಕೆಳಗೆ ಉಳಿಯುವುದು ಸುಮಾರು 1.35 ಮೀಟರ್. ಅಲ್ಲಿ ಈ ಹುಡುಗ 2.1 ಮೀಟರಿನ ಟಾಯ್ಲೆಟ್ ಬಾಗಿಲು ಇಟ್ಟಿರುತ್ತಾನೆ! ಅದೇ ಬೆಂಚಿನಲ್ಲಿ ಕೂತ ಇನ್ನೊಬ್ಬಳ ಗೆರೆ ನಡುಗುತ್ತಿರುತ್ತದೆ, ಆದರೆ ಅವಳು ಊರಿಗೆ ಹೋದಾಗ ತಮ್ಮ ಮನೆಯ ಮೆಟ್ಟಿಲನ್ನೇ ಟೇಪು ಹಿಡಿದು ಅಳೆದು, ತನ್ನ ಡ್ರಾಯಿಂಗಿನಲ್ಲಿ ಟಾಯ್ಲೆಟ್ಟಿನ ನೆಲವನ್ನು ಮೂರು ಮೆಟ್ಟಿಲು ಇಳಿಸಿ, ಲ್ಯಾಂಡಿಂಗ್‌ವರೆಗಿನ ಮೊದಲ ಮೆಟ್ಟಿಲ ಸಾಲನ್ನು ಉದ್ದ ಮಾಡಿ, ಬಾಗಿಲಿಗೆ ಎತ್ತರ ಹೊಂದಿಸಿಕೊಂಡು ಬಂದಿರುತ್ತಾಳೆ. ನಾನು ಅಂಕ ಕೊಡುವುದು ಅವಳಿಗೆ. ನಡುಗುವ ಗೆರೆ ಒಂದು ಸೆಮಿಸ್ಟರ್ ಟಿ-ಸ್ಕ್ವೇರ್, ಅಂದರೆ ಗೆರೆ ಎಳೆಯುವ ಟಿ ಆಕಾರದ ಪಟ್ಟಿ, ಹಿಡಿದರೆ ನೆಟ್ಟಗಾಗುತ್ತದೆ.

ನಂಬಿಕೆ ಬಾರದಿದ್ದರೆ ರಾಯಚೂರು ಕೋಟೆಗೆ ಹೋಗಿ ಬನ್ನಿ, ನಿಮಗೆ ದೂರವೂ ಅಲ್ಲ. ಗೋಡೆಯಲ್ಲಿ 40 ಅಡಿಗೂ ಹೆಚ್ಚು ಉದ್ದದ ಒಂದು ಕಲ್ಲಿದೆ, ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನವಿದೆ. ಆ ಕಲ್ಲನ್ನು ಕೋಣಗಳು ಎಳೆಯುವ ಬಂಡಿಯ ಮೇಲೆ ಸಾಗಿಸಿದ ರೀತಿಯನ್ನು ಅಲ್ಲೇ ಬರೀ ಗೆರೆಗಳಲ್ಲಿ ಕೊರೆದಿಟ್ಟಿದ್ದಾರೆ. ಚಿತ್ರಕಲಾ ಪ್ರದರ್ಶನಕ್ಕೆ ಯಾರೂ ಅದನ್ನು ಕಳಿಸಲಾರರು. ಆದರೆ ಇಷ್ಟು ಭಾರ ಹೇಗೆ ಬಂತು ಎಂಬ ಪ್ರಶ್ನೆಗೆ ಏಳು ಶತಮಾನ ಕಳೆದರೂ ಅದು ಉತ್ತರ ಹೇಳುತ್ತಿದೆ. ಹೊಸ ಬ್ಯಾಚಿನವರಿಗೆ ನಾನು ಮೊದಲು ನೋಡಿ ಬರಲು ಹೇಳುವುದು ಆ ಗೆರೆಗಳನ್ನೇ.

ಹಾಗಾದರೆ ಈ ಓದು ಸುಲಭವೇ? ಖಂಡಿತ ಅಲ್ಲ. ಕಷ್ಟ ಬೇರೆ ಕಡೆ ಇದೆ. ಪಿಯುಸಿವರೆಗೆ ಕೀ ಆನ್ಸರ್ ನೋಡಿ ಬೆಳೆದ ಮಕ್ಕಳಿಗೆ ಡಿಸೈನ್ ಸ್ಟುಡಿಯೋದಲ್ಲಿ ಕೀ ಆನ್ಸರ್ ಇರುವುದಿಲ್ಲ. ವಾರಗಟ್ಟಲೆ ಮಾಡಿದ ಕೆಲಸವನ್ನು ಜ್ಯೂರಿಯಲ್ಲಿ, ಅಂದರೆ ಪರೀಕ್ಷಕರ ಮುಂದೆ ಕೆಲಸ ಇಟ್ಟು ವಿವರಿಸುವ ದಿನ, ಎಲ್ಲರೆದುರು ಹತ್ತು ನಿಮಿಷದಲ್ಲಿ ಬಿಡಿಸಿಹಾಕುತ್ತಾರೆ. ಕನ್ನಡ ಮೀಡಿಯಂ ಮಕ್ಕಳು ಅಲ್ಲಿ ಇಂಗ್ಲಿಷಿಗೆ ತಡವರಿಸಿ, ಗೊತ್ತಿದ್ದದ್ದನ್ನೂ ಹೇಳಲಾಗದೆ ಅತ್ತದ್ದನ್ನು ಕಂಡಿದ್ದೇನೆ. ಮೊದಲು ಕನ್ನಡದಲ್ಲೇ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಕೊಳ್ಳಲಿ, ಇಂಗ್ಲಿಷ್ ಹಿಂದೆ ಬರುತ್ತದೆ. ಸಬ್‌ಮಿಷನ್ ವಾರದಲ್ಲಿ ನಿದ್ದೆ ಇರುವುದಿಲ್ಲ. ಶೀಟು, ಮಾಡೆಲ್ ಸಾಮಾನು, ಪ್ರಿಂಟು, ಲ್ಯಾಪ್‌ಟಾಪ್ ಅಂತ ಫೀಸಿನ ಮೇಲೆ ಖರ್ಚು ಬರುತ್ತಲೇ ಇರುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಡಿ. ಎಂಜಿನಿಯರಿಂಗ್ ಸೇರಿದ ಗೆಳತಿ 4 ವರ್ಷಕ್ಕೆ ಮುಗಿಸಿದಾಗ ನಿಮ್ಮ ಮಗಳಿಗೆ ಇನ್ನೂ ಒಂದು ವರ್ಷ ಬಾಕಿ. ಮುಗಿದ ಕೂಡಲೇ ದೊಡ್ಡ ಸಂಬಳವೂ ಇಲ್ಲ. ಚಿತ್ರದ ಚಿಂತೆ ಬಿಟ್ಟು ಮನೆಯವರೆಲ್ಲ ಕೂತು ಇದನ್ನು ಮಾತಾಡಿಕೊಳ್ಳಿ.

ಅವಳು ಲೆಕ್ಕದಲ್ಲಿ ಚಲೋ ಎಂದಿರಲ್ಲ, ಅದರ ಮೇಲೆ ನೀವು ಕೇಳದ ಒಂದು ಮಾತು ನೆನಪಾಯಿತು. ನಮ್ಮ ಕಡೆ ಆರ್‌ಸಿಸಿ ಮನೆಯಲ್ಲಿ ಬೇಸಿಗೆ ರಾತ್ರಿ ಹನ್ನೊಂದಾದರೂ ಮಲಗಲಾಗುವುದಿಲ್ಲ, ಎಲ್ಲರೂ ತಾರಸಿಗೆ ಹಾಸಿಗೆ ಹೊರುತ್ತೇವೆ. ಯಾಕೆ? ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ರಾಯಚೂರು 16ರಲ್ಲಿ. ಮೇ ಮೊದಲ ವಾರ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಾನೆ, ಹಾಗಾಗಿ ಗೋಡೆಗಿಂತ ಚಾವಣಿಗೆ ಬೀಳುವ ಬಿಸಿಲೇ ಹೆಚ್ಚು. ನಾಲ್ಕೈದು ಇಂಚಿನ ಸ್ಲ್ಯಾಬು ಹಗಲೆಲ್ಲ ಕಾಯ್ದು, ಆ ಕಾವನ್ನು ಸಂಜೆ ಮೇಲೆ ಕೋಣೆಯೊಳಗೆ ಬಿಡುತ್ತದೆ. ನಮ್ಮಜ್ಜಂದಿರ ಮಾಳಿಗೆ ಮನೆಯಲ್ಲಿ ತೊಲೆ, ಜಂತಿ, ಅದರ ಮೇಲೆ ಗೇಣು ದಪ್ಪ ಮಣ್ಣು, ಸುತ್ತ ದಪ್ಪ ಕಲ್ಲಿನ ಗೋಡೆ. ಕಾವು ಅದನ್ನು ದಾಟಿ ಒಳಗೆ ಬರುವುದೇ ನಿಧಾನ, ಬಂದರೂ ಅಷ್ಟು ಜೋರಿಲ್ಲ. ಮೇಲಿನ ಬೆಳಕಿಂಡಿಯಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಮಳೆಗೆ ಸೋರುತ್ತಿತ್ತು, ಗೆದ್ದಲು ಹಿಡಿಯುತ್ತಿತ್ತು, ವರ್ಷವರ್ಷ ಮಣ್ಣು ಹಾಕಬೇಕಿತ್ತು, ಅದಕ್ಕೇ ಜನ ಬಿಟ್ಟರು. ಬಿಟ್ಟವರದ್ದು ತಪ್ಪೆನ್ನಲಾರೆ. ಸೋರದ ಸ್ಲ್ಯಾಬಿಗೆ ಮಾಳಿಗೆಯ ತಂಪು ತರುವುದು ಹೇಗೆ ಎಂಬುದು ಈ ಓದಿನಲ್ಲಿ ಬರುವ ನಿಜವಾದ ಲೆಕ್ಕ.

ಈ ಬೇಸಿಗೆಯಲ್ಲಿ ಮಗಳಿಗೆ ಒಂದು ಕೆಲಸ ಕೊಡಿ. ಅರ್ಧ ತಾರಸಿಗೆ ಸುಣ್ಣ ಹೊಡೆದು, ಅರ್ಧ ಹಾಗೇ ಬಿಟ್ಟು, ಒಂದೇ ಅಳತೆಯ ಎರಡು ಕೋಣೆಯ ಉಷ್ಣತೆಯನ್ನು ಸಂಜೆ ಆರಕ್ಕೂ ರಾತ್ರಿ ಹತ್ತಕ್ಕೂ ಬರೆದಿಡಲಿ. ಕಿಟಕಿ ಬಾಗಿಲು ಎರಡರಲ್ಲೂ ಒಂದೇ ರೀತಿ ಇರಬೇಕು. ಆ ಪಟ್ಟಿಯನ್ನು ನನಗೆ ಕಳಿಸಿದರೆ ಓದಿ ಉತ್ತರ ಬರೆಯುತ್ತೇನೆ.