ಬ್ರಿಟನ್ನಿನ ಪಾರ್ಕಿಂಗ್ ಚಾರ್ಜ್, ವಸೂಲಿ ಪತ್ರ ಮತ್ತು ಆ 14 ದಿನಗಳ ಲೆಕ್ಕ

ಜೂನ್ ತಿಂಗಳಲ್ಲಿ ನಮ್ಮ ಹಳೇ ಮನೆಯ ಹೊಸ ಬಾಡಿಗೆದಾರರು ಎರಡು ಲಕೋಟೆ ತಂದುಕೊಟ್ಟರು. ಒಳಗಿದ್ದದ್ದು ಸಾಲ ವಸೂಲಿ ಏಜೆನ್ಸಿಯ ಕಾಗದ, ದಪ್ಪ ಕೆಂಪು ಅಕ್ಷರ. ಖಾಸಗಿ ಜಾಗದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ 170 ಪೌಂಡ್ ಬಾಕಿ ಇದೆ, ಕಟ್ಟದಿದ್ದರೆ ಕೋರ್ಟು, ಆಮೇಲೆ ಸಾಲ ಸಿಗುವುದೂ ಕಷ್ಟ ಎಂದೆಲ್ಲ ಬರೆದಿತ್ತು. ಊರಿಂದ ಬಂದಿದ್ದ ನಮ್ಮ ಮಾವನವರು ಅದನ್ನು ಎರಡು ಸಲ ಓದಿ, "ಅಮೀನ ಬಂದು ಜಪ್ತಿ ಮಾಡ್ತಾನೇನಮ್ಮಾ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಆಮೇಲೆ ಕೂತು ಓದಿ ಅರ್ಥ ಮಾಡಿಕೊಂಡದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಾನು ವಕೀಲೆ ಅಲ್ಲ. ಇಲ್ಲಿರುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸೇರಿದ್ದು. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ನಲ್ಲಿ ಇರುವವರು ಇದನ್ನೇ ನೆಚ್ಚಿಕೊಳ್ಳಬೇಡಿ.

ಯಾರ ನೋಟಿಸ್ ಅಂತ ಮೊದಲು ನೋಡಿ

ಕೌನ್ಸಿಲ್ (ನಮ್ಮೂರಿನ ನಗರಸಭೆ ಥರ) ಕೊಡುವುದು ಪೆನಾಲ್ಟಿ ಚಾರ್ಜ್ ನೋಟಿಸ್. ಖಾಸಗಿ ಕಂಪನಿ ಕೊಡುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡಕ್ಕೂ ಪಿಸಿಎನ್ ಅಂತಲೇ ಹೇಳುತ್ತಾರೆ. ಕೌನ್ಸಿಲ್‌ನದ್ದಾದರೆ ದಾರಿಯೇ ಬೇರೆ, ಈ ಟಿಪ್ಪಣಿ ಅದಕ್ಕೆ ಆಗಿಬರುವುದಿಲ್ಲ. ಖಾಸಗಿಯವರದ್ದು ಒಂದು ಬಿಲ್ಲು ಅಷ್ಟೇ. ಬೋರ್ಡಿನಲ್ಲಿ ಷರತ್ತು ಬರೆದಿದ್ದೆವು, ನೀವು ಗಾಡಿ ನಿಲ್ಲಿಸಿ ಅದನ್ನು ಒಪ್ಪಿದಿರಿ, ಆಮೇಲೆ ಮುರಿದಿರಿ, ಆದ್ದರಿಂದ ಇಷ್ಟು ಕೊಡಿ ಎಂಬ ಒಪ್ಪಂದದ ಮಾತು. ಇದು ಅಪರಾಧ ಅಲ್ಲ.

ಅಮೀನ ಬರ್ತಾನಾ?

ಬರುವುದಿಲ್ಲ. ಸಾಲ ವಸೂಲಿ ಏಜೆನ್ಸಿಗೆ ಪತ್ರ ಬರೆಯುವ, ಫೋನ್ ಮಾಡುವ ಅವಕಾಶ ಬಿಟ್ಟರೆ ಬೇರೆ ಅಧಿಕಾರ ಇಲ್ಲ. ಮನೆಯೊಳಗೆ ಬರುವಂತಿಲ್ಲ, ಸಾಮಾನು ಮುಟ್ಟುವಂತಿಲ್ಲ. ನಮ್ಮೂರಿನ ಕೋರ್ಟ್ ಅಮೀನನ ಥರ ಇಲ್ಲಿ ಇರುವವರು ಬೇಲಿಫ್‌ಗಳು. ಅವರು ಬರಬೇಕಾದರೆ ಮೊದಲು ಕೋರ್ಟಿನಲ್ಲಿ ಕೇಸ್ ಆಗಬೇಕು, ನಿಮ್ಮ ವಿರುದ್ಧ ತೀರ್ಪು ಬರಬೇಕು, ಆ ತೀರ್ಪಿನ ಹಣವನ್ನೂ ನೀವು ಕಟ್ಟದೆ ಇರಬೇಕು. ವಸೂಲಿ ಪತ್ರ ಬಂತು ಅಂತ ಕ್ರೆಡಿಟ್ ರೆಕಾರ್ಡ್ ಕೆಡುವುದೂ ಇಲ್ಲ. ಕೆಡಿಸುವುದು ಸಿಸಿಜೆ, ಅಂದರೆ ಕೌಂಟಿ ಕೋರ್ಟಿನ ತೀರ್ಪು. ಅದನ್ನು ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ತೆಗೆಯುತ್ತಾರೆ, ಇಲ್ಲದಿದ್ದರೆ 6 ವರ್ಷ ಉಳಿಯುತ್ತದೆ.

ಇದನ್ನು ಮಾವನವರಿಗೆ ಹೇಳಿದ ಮೇಲೆ ಅವರು ಕಾಫಿ ಕುಡಿದರು. ಅಲ್ಲೀವರೆಗೆ ಲೋಟ ಹಾಗೇ ಇತ್ತು.

ಹಾಗಂತ ಹರಿದು ಬಿಸಾಡಬೇಡಿ

"ಸುಮ್ನೆ ಕಸದ ಬುಟ್ಟಿಗೆ ಹಾಕು, ಏನೂ ಆಗಲ್ಲ" ಎಂದು ಇಲ್ಲಿ ತುಂಬಾ ವರ್ಷದಿಂದ ಇರುವ ಇಬ್ಬರು ಹೇಳಿದರು. ಅದು ಹಳೇ ಕಾಲದ ಸಲಹೆ. ಚೆಲ್ಮ್ಸ್‌ಫರ್ಡ್ ಊರಿನ ಒಂದು ರಿಟೇಲ್ ಪಾರ್ಕ್‌ನಲ್ಲಿ 2 ಗಂಟೆ ಪಾರ್ಕಿಂಗ್ ಉಚಿತವಿತ್ತು. ಬ್ಯಾರಿ ಬೀವಿಸ್ ಎನ್ನುವವರು 56 ನಿಮಿಷ ಜಾಸ್ತಿ ನಿಲ್ಲಿಸಿದರು. 85 ಪೌಂಡ್ ಬಿಲ್ಲು ಬಂತು. ಅವರು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2015ರ ನವೆಂಬರ್‌ನಲ್ಲಿ ಸೋತರು. ಜಾಗ ಬೇಗ ಖಾಲಿಯಾಗಿ ಬೇರೆಯವರಿಗೆ ಸಿಗಬೇಕು ಎಂಬ ನ್ಯಾಯವಾದ ಉದ್ದೇಶ ಇದೆ, ಬೋರ್ಡುಗಳು ದೊಡ್ಡದಾಗಿ ಸ್ಪಷ್ಟವಾಗಿದ್ದವು, ಮೊತ್ತವೂ ವಿಪರೀತ ಅಲ್ಲ ಎಂದು ಕೋರ್ಟ್ ಹೇಳಿತು. ಆದ್ದರಿಂದ "ಖಾಸಗಿ ಚಾರ್ಜ್ ಅಂದ್ರೆ ಲೆಕ್ಕಕ್ಕೇ ಇಲ್ಲ" ಎನ್ನುವುದು ಈಗ ನಡೆಯುವುದಿಲ್ಲ. ಆದರೆ ಇದೇ ತೀರ್ಪು ನಮಗೂ ಒಂದು ದಾರಿ ಬಿಟ್ಟಿದೆ. ಬೋರ್ಡು ಚಿಕ್ಕದಾಗಿ ಕತ್ತಲಲ್ಲಿ ಮರದ ಹಿಂದೆ ಇದ್ದರೆ ಒಪ್ಪಂದ ಆಗಿದ್ದು ಯಾವಾಗ ಎಂದು ಕೇಳಬಹುದು. ಹೋಗಿ ಫೋಟೋ ತೆಗೆದಿಡಿ.

ಕೀಪರ್ ಬೇರೆ, ಡ್ರೈವರ್ ಬೇರೆ. ನಾನು ಎಡವಿದ್ದು ಇಲ್ಲೇ

ಇದನ್ನು ನಿಧಾನವಾಗಿ ಓದಿ. ನನಗೆ ನಾಲ್ಕು ದಿನ ಬೇಕಾಯಿತು.

ಒಪ್ಪಂದ ಆಗುವುದು ಗಾಡಿ ಓಡಿಸಿದವರ ಜೊತೆ. ಆದರೆ ಕಂಪನಿಗೆ ಅವರು ಯಾರು ಅಂತ ಗೊತ್ತಿಲ್ಲ. ಕ್ಯಾಮೆರಾದಲ್ಲಿ ಸಿಕ್ಕಿರುವುದು ನಂಬರ್ ಪ್ಲೇಟ್ ಮಾತ್ರ. ಅದನ್ನು ಹಿಡಿದು ಅವರು ಡಿವಿಎಲ್‌ಎಗೆ (ಗಾಡಿ, ಲೈಸೆನ್ಸ್ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) 2.50 ಪೌಂಡ್ ಕೊಟ್ಟು ರಿಜಿಸ್ಟರ್ಡ್ ಕೀಪರ್‌ನ, ಅಂದರೆ ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರ, ಹೆಸರು, ವಿಳಾಸ ತರಿಸಿಕೊಳ್ಳುತ್ತಾರೆ. ನಮ್ಮ ಗಾಡಿಯ ಕೀಪರ್ ನಾನು. ಗಾಡಿಯನ್ನು ನಾನೂ ಓಡಿಸುತ್ತೇನೆ, ನಮ್ಮನೆಯವರೂ ಓಡಿಸುತ್ತಾರೆ. ಅವತ್ತು ಓಡಿಸಿದ್ದು ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಕಾರಣ ಈಗಲೇ ಗೊತ್ತಾಗುತ್ತದೆ.

ಓಡಿಸದೇ ಇದ್ದರೂ ಕೀಪರ್ ಮೇಲೆ ಹೊಣೆ ಹಾಕುವ ಅವಕಾಶ ಕೊಟ್ಟದ್ದು 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್, ಅದರ 4ನೇ ಷೆಡ್ಯೂಲ್. ಆದರೆ ಆ ಅವಕಾಶ ಪುಕ್ಕಟೆ ಸಿಗುವುದಿಲ್ಲ. ಕಂಪನಿ ಕಾನೂನು ಹೇಳಿದ ಹಾಗೇ ನಡೆದುಕೊಂಡಿರಬೇಕು. ಗಾಜಿನ ಮೇಲೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ನೋಡಿ ಪತ್ರ ಕಳಿಸಿದ್ದರೆ, ಕೀಪರ್‌ಗೆ ನೋಟಿಸ್ 14 ದಿನದೊಳಗೆ ತಲುಪಿರಬೇಕು. ಕಳಿಸಿದರೆ ಸಾಲದು, ತಲುಪಬೇಕು. ನಾನು ಮೊದಲ ಸಲ ಲೆಕ್ಕ ಹಾಕಿದಾಗ ಪತ್ರದ ಮೇಲಿನ ದಿನಾಂಕವನ್ನೇ ಹಿಡಿದು, "ಅಯ್ಯೋ, 12 ದಿನಕ್ಕೇ ಬಂದಿದೆಯಲ್ಲ" ಎಂದು ಕೈಚೆಲ್ಲಿದ್ದೆ. ಲೆಕ್ಕ ಹಾಗಲ್ಲ.

ಸರಿಯಾದ ಲೆಕ್ಕ ಇದು. ಗಾಡಿ ನಿಂತದ್ದು 2025ರ ಮಾರ್ಚ್ 1, ಶನಿವಾರ. ಮಾರನೇ ದಿನ, ಅಂದರೆ 2ನೇ ತಾರೀಕು, 1ನೇ ದಿನ. ಹಾಗೆ ಎಣಿಸಿದರೆ 14ನೇ ದಿನ ಮಾರ್ಚ್ 15, ಶನಿವಾರ. ಅಷ್ಟರೊಳಗೆ ತಲುಪಿರಬೇಕು.

ಇನ್ನು ಯಾವತ್ತು ತಲುಪಿತು? ಅಂಚೆಯಲ್ಲಿ ಹಾಕಿದ ಮೇಲೆ ಎರಡನೇ ವರ್ಕಿಂಗ್ ಡೇಗೆ ತಲುಪಿತು ಎಂದು ಕಾನೂನು ಹಿಡಿದುಕೊಳ್ಳುತ್ತದೆ. ಹಾಗಾಗಿಲ್ಲ ಅಂತ ಯಾರಾದರೂ ಸಾಬೀತು ಮಾಡಿದರೆ ಮಾತು ಬೇರೆ. ಶನಿವಾರ, ಭಾನುವಾರ, ಬ್ಯಾಂಕ್ ಹಾಲಿಡೇ ಎಣಿಸುವಂತಿಲ್ಲ. ನನ್ನ ನೋಟಿಸಿನ ಮೇಲೆ ಕಳಿಸಿದ ದಿನಾಂಕ ಮಾರ್ಚ್ 13, ಗುರುವಾರ ಅಂತ ಇತ್ತು. ಶುಕ್ರವಾರ ಒಂದು. ಶನಿ, ಭಾನು ಬಿಡಿ. ಸೋಮವಾರ 17 ಎರಡು. ಅಂದರೆ ತಲುಪಿದ್ದು 17ಕ್ಕೆ. ಗಡುವು 15ಕ್ಕೇ ಮುಗಿದಿತ್ತು!

ಒಂದೇ ದಿನ ಮುಂಚೆ, ಬುಧವಾರ 12ಕ್ಕೆ ಹಾಕಿದ್ದರೆ? ಗುರುವಾರ ಒಂದು, ಶುಕ್ರವಾರ 14 ಎರಡು. ಗಡುವಿನೊಳಗೇ ತಲುಪಿದ ಲೆಕ್ಕ. ಎಲ್ಲಾ ನಿಂತಿರುವುದು ಆ ಒಂದು ದಿನದ ಮೇಲೆ. ಆದ್ದರಿಂದ ಮನಸ್ಸಿನಲ್ಲೇ ಎಣಿಸಬೇಡಿ, ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿ. ಇಲ್ಲಿಯ ಕ್ಯಾಲೆಂಡರೇ ಆಗಬೇಕು. ನಾನು ಅಡುಗೆಮನೆಯಲ್ಲಿ ತೂಗುಹಾಕಿದ್ದ ಊರಿನ ಕ್ಯಾಲೆಂಡರಿನಲ್ಲಿ ಎಣಿಸಿದ್ದೆ. ಅದರಲ್ಲಿ ಏಕಾದಶಿ ಇತ್ತು, ಬ್ಯಾಂಕ್ ಹಾಲಿಡೇ ಇರಲಿಲ್ಲ. ಮಾರ್ಚ್ ಆದ್ದರಿಂದ ಲೆಕ್ಕ ತಪ್ಪಲಿಲ್ಲ, ಈಸ್ಟರ್ ಹೊತ್ತಿಗಾಗಿದ್ದರೆ ತಪ್ಪುತ್ತಿತ್ತು.

ಗಡುವು ತಪ್ಪಿದರೆ ಕೀಪರ್ ಮೇಲೆ ಹೊಣೆ ಬರುವುದಿಲ್ಲ, ಡ್ರೈವರ್‌ನ ಮಾತ್ರ ಕೇಳಬಹುದು. ಡ್ರೈವರ್ ಯಾರು ಅಂತ ಖಾಸಗಿ ಕಂಪನಿಗೆ ಹೇಳಲೇಬೇಕು ಎಂಬ ಕಾನೂನು ಇಲ್ಲ. ಪೊಲೀಸರು ಕೇಳಿದರೆ ಹೇಳಲೇಬೇಕು, ಅದು ಬೇರೆ. ಅದಕ್ಕೇ ಪತ್ರ ಬರೆಯುವಾಗ "ನಾನು ಗಾಡಿ ನಿಲ್ಲಿಸಿದೆ" ಎಂದು ಬರೆದುಬಿಟ್ಟರೆ ಈ ಹಿಡಿತ ಅಲ್ಲಿಗೇ ಹೋಯಿತು. "ಡ್ರೈವರ್ ನಿಲ್ಲಿಸಿದರು" ಎಂದು ಬರೆಯಿರಿ. ಆದರೆ ಸುಳ್ಳು ಮಾತ್ರ ಬರೆಯಬೇಡಿ. ಹೇಳದೆ ಇರುವುದು ಒಂದು, "ನಾನು ಓಡಿಸಿಲ್ಲ" ಎಂದು ಸುಳ್ಳು ಹೇಳುವುದು ಇನ್ನೊಂದು. ಕೋರ್ಟಿಗೆ ಹೋದರೆ ಪ್ರತಿ ಮಾತಿಗೂ ಸತ್ಯ ಎಂದು ಸಹಿ ಹಾಕಬೇಕು.

ಗಾಜಿನ ಮೇಲೆ ಚೀಟಿ ಅಂಟಿಸಿದ್ದರೆ ಲೆಕ್ಕ ಬೇರೆ. ಆಗ ಮೊದಲ 28 ದಿನ ಕಳೆದು, ಅದರ ಮುಂದಿನ 28 ದಿನದೊಳಗೆ ಕೀಪರ್‌ಗೆ ನೋಟಿಸ್ ತಲುಪಬೇಕು. ರೈಲ್ವೆ ಸ್ಟೇಷನ್, ಏರ್‌ಪೋರ್ಟ್ ಥರ ತಮ್ಮದೇ ಬೈಲಾ ಇರುವ ಜಾಗಗಳಿಗೆ ಈ ಷೆಡ್ಯೂಲ್ ಅನ್ವಯಿಸುವುದೇ ಇಲ್ಲ.

ಮೊದಲ ನೋಟಿಸ್ ಕೈಗೇ ಸಿಗದಿದ್ದರೆ

ನನ್ನ ಕಥೆಯೂ ಇದೇ. ಕೈಯಲ್ಲಿದ್ದದ್ದು ವಸೂಲಿ ಪತ್ರ ಮಾತ್ರ. ಆಗ ಮಾಡಬೇಕಾದದ್ದು ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್. ನನ್ನ ಬಗ್ಗೆ, ಈ ಗಾಡಿಯ ಬಗ್ಗೆ ನಿಮ್ಮಲ್ಲಿರುವ ಎಲ್ಲಾ ಪತ್ರ, ಫೋಟೋ, ದಾಖಲೆ ಕಳಿಸಿ ಎಂದು ಪಾರ್ಕಿಂಗ್ ಕಂಪನಿಯ ಡೇಟಾ ಪ್ರೊಟೆಕ್ಷನ್ ವಿಭಾಗಕ್ಕೆ ಒಂದು ಇಮೇಲ್. ವಸೂಲಿ ಏಜೆನ್ಸಿಗಲ್ಲ. ದುಡ್ಡು ಕೊಡಬೇಕಾಗಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಮಾರ್ಚ್ 13ರ ದಿನಾಂಕ ನನಗೆ ಸಿಕ್ಕಿದ್ದು ಹೀಗೆ.

ಫೋಟೋಗಳನ್ನೂ ಸರಿಯಾಗಿ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿಬಂದರೆ ಕೆಲವೊಮ್ಮೆ ಕ್ಯಾಮೆರಾ ನಡುವಿನ ಓಡಾಟವನ್ನು ಬಿಟ್ಟು ಇಡೀ ದಿನ ಅಲ್ಲೇ ನಿಂತಂತೆ ತೋರಿಸುತ್ತದೆ.

ಅದೇ ಇಮೇಲ್‌ನಲ್ಲಿ ಹೊಸ ವಿಳಾಸ ಕೊಟ್ಟು, ಇನ್ನು ಮುಂದೆ ಎಲ್ಲಾ ಇಲ್ಲಿಗೇ ಕಳಿಸಿ ಎಂದು ಬರೆದೆ. ವಿಳಾಸ ಮುಚ್ಚಿಟ್ಟರೆ ಒಳ್ಳೇದಲ್ವಾ ಅನ್ನಿಸಬಹುದು. ಇಲ್ಲ. ಕೋರ್ಟಿನ ಕಾಗದ ಹಳೇ ಮನೆಗೆ ಹೋಗಿ, ನಿಮಗೆ ಗೊತ್ತೇ ಆಗದೆ ತೀರ್ಪು ಆಗಿಬಿಡುತ್ತದೆ. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಲಿಕ್ಕೇ 2025ರಲ್ಲಿ 303 ಪೌಂಡ್ ಫೀಸ್ ಇತ್ತು.

100 ಹೇಗೆ 170 ಆಯಿತು

ಖಾಸಗಿ ಪಾರ್ಕಿಂಗ್ ಉದ್ಯಮದ ಎರಡು ಸಂಘಗಳು ಸೇರಿ 2024ರಲ್ಲಿ ಮಾಡಿದ ಸಂಹಿತೆಯಲ್ಲಿ ಚಾರ್ಜ್ ಸಾಮಾನ್ಯವಾಗಿ 100 ಪೌಂಡ್ ದಾಟುವಂತಿಲ್ಲ. ವಸೂಲಿಗೆ ಕೊಟ್ಟ ಮೇಲೆ 70 ಪೌಂಡ್‌ವರೆಗೆ ಸೇರಿಸುತ್ತಾರೆ. ಆದರೆ 4ನೇ ಷೆಡ್ಯೂಲ್ ಪ್ರಕಾರ ಕೀಪರ್‌ನಿಂದ ಕೇಳಬಹುದಾದ ಚಾರ್ಜು ಕೀಪರ್ ನೋಟಿಸಿನಲ್ಲಿ ಬರೆದ ಮೊತ್ತದಷ್ಟೇ. ಕೋರ್ಟಿನಲ್ಲಿ ಈ 70ನ್ನು ಪ್ರಶ್ನಿಸಿ, ಬಿಡಬೇಡಿ.

ಬಣ್ಣ ಬಿಡಿ, ತಲೆಬರಹ ಓದಿ

ಕೆಂಪು ಅಕ್ಷರದ ಪತ್ರಗಳಿಗೆ ನಾನು ಒಂದೇ ಸಲ ಉತ್ತರಿಸಿದೆ. "ಈ ಬಾಕಿಯನ್ನು ಒಪ್ಪುವುದಿಲ್ಲ, ಕಂಪನಿಗೇ ವಾಪಸ್ ಕಳಿಸಿ" ಅಂತ ಎರಡು ಸಾಲು. ಆಮೇಲೆ ಬಂದ ಪತ್ರಗಳನ್ನು ದಿನಾಂಕ ಬರೆದು ಲಕೋಟೆ ಸಮೇತ ಫೈಲಿಗೆ ಹಾಕಿದ್ದೇನೆ.

ಎರಡು ಕಾಗದಗಳನ್ನು ಮಾತ್ರ ಯಾವತ್ತೂ ಬದಿಗಿಡಬೇಡಿ. ನೋಡಲಿಕ್ಕೆ ಅವು ಕೆಂಪು ಪತ್ರಕ್ಕಿಂತ ಸಪ್ಪೆಯಾಗಿರುತ್ತವೆ. ಒಂದು, ಲೆಟರ್ ಆಫ್ ಕ್ಲೈಮ್. ಜೊತೆಗೆ ಉತ್ತರದ ಫಾರಂ ಇರುತ್ತದೆ, ಉತ್ತರಿಸಲು 30 ದಿನ. ಎರಡು, ಕೋರ್ಟಿನ ಕ್ಲೈಮ್ ಫಾರಂ. ಅದರ ಮೇಲಿನ ಇಶ್ಯೂ ದಿನಾಂಕಕ್ಕೆ 5 ದಿನ ಸೇರಿಸಿದರೆ ನಿಮಗೆ ತಲುಪಿದ ದಿನ. ಅಲ್ಲಿಂದ 14 ದಿನದೊಳಗೆ ತಲುಪಿದೆ ಎಂದು ಕೋರ್ಟಿಗೆ ತಿಳಿಸಬೇಕು. ಹಾಗೆ ತಿಳಿಸಿದರೆ ನಿಮ್ಮ ವಾದ ಬರೆದು ಕಳಿಸಲು ತಲುಪಿದ ದಿನದಿಂದ ಒಟ್ಟು 28 ದಿನ ಸಿಗುತ್ತದೆ. ತಲುಪಿದೆ ಎಂದರೆ ಸಾಲ ಒಪ್ಪಿದಂತೆ ಅಲ್ಲ. ನಮ್ಮನೆಯವರು ಇದನ್ನೇ ತಪ್ಪು ತಿಳಿದು, "ಸಹಿ ಹಾಕ್ಬೇಡ" ಎಂದಿದ್ದರು. ಕಂಪನಿಗೆ ಕೇಸ್ ಹಾಕಲು 6 ವರ್ಷ ಸಮಯ ಇದೆ, ಹಾಗಾಗಿ ಫೈಲ್ ಎಸೆಯಬೇಡಿ.

ವಿ5ಸಿ

ಮನೆ ಬದಲಾದಾಗ ನಾನು ಡ್ರೈವಿಂಗ್ ಲೈಸೆನ್ಸ್‌ನ ವಿಳಾಸ ಬದಲಿಸಿದ್ದೆ. ಗಾಡಿಯ ಕಾಗದವೂ ಅದರ ಜೊತೆಗೇ ಬದಲಾಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ. ಲೈಸೆನ್ಸ್ ಬೇರೆ, ವಿ5ಸಿ ಎಂಬ ಗಾಡಿಯ ಕಾಗದ ಬೇರೆ, ಎರಡನ್ನೂ ಪ್ರತ್ಯೇಕವಾಗಿ ಬದಲಿಸಬೇಕು. ಬದಲಿಸದಿದ್ದರೆ 1,000 ಪೌಂಡ್‌ವರೆಗೆ ದಂಡ ಇದೆ, ಮತ್ತು ಪತ್ರ ಹಳೇ ವಿಳಾಸಕ್ಕೆ ಹೋಗಿದ್ದಕ್ಕೆ ಕಂಪನಿಯನ್ನು ದೂರುವಂತಿಲ್ಲ. ಎರಡೂ ಆನ್‌ಲೈನ್‌ನಲ್ಲಿ ಆಗುತ್ತವೆ, ದುಡ್ಡಿಲ್ಲ. ನನ್ನ ಹೊಸ ವಿ5ಸಿ ಈಗ ಅದೇ ಫೈಲಿನಲ್ಲಿ ಮೇಲುಗಡೆ ಇದೆ.