ಕಲ್ಲು ಶಿಲುಬೆಯ ರಿಪೇರಿ: ಕಬ್ಬಿಣ, ಸಿಮೆಂಟು, ಸುಣ್ಣ

ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಅಂಗಳದಲ್ಲಿ ಮೆಟ್ಟಿಲುಗಟ್ಟೆಯೂ ಮೋಟು ಕಂಬವೂ ಮಾತ್ರ ಉಳಿದ ಮಧ್ಯಯುಗದ ಶಿಲುಬೆಗಳು ಬೇಕಾದಷ್ಟಿವೆ. ತಲೆಭಾಗ ಉಳಿದವು ಅಪರೂಪ. ಗ್ಲಾಸ್ಟರ್‌ಶೈರಿನ ಆಂಪ್ನಿ ಕ್ರೂಸಿಸ್‌ನ 15ನೇ ಶತಮಾನದ ಶಿಲುಬೆ ಅಂಥದ್ದು.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಮೆರವಣಿಗೆ ಇಂಥ ಶಿಲುಬೆಗಳ ಬಳಿ ನಿಲ್ಲುತ್ತಿತ್ತು. 16ನೇ ಶತಮಾನದ ಪ್ರಾಟೆಸ್ಟಂಟ್ ಮತಸುಧಾರಣೆ ಅದನ್ನು ನಿಲ್ಲಿಸಿತು. 1643ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಚರ್ಚು ಮತ್ತು ಅಂಗಳದ ಶಿಲುಬೆಗಳನ್ನೆಲ್ಲ ತೆಗೆಯಲು ಆಜ್ಞೆ ಮಾಡಿತು. ಕೆಲವು ಮೋಟು ಕಂಬಗಳ ಮೇಲೆ ಆಮೇಲೆ ನೆರಳು ಗಡಿಯಾರ ಕೂತಿತು. ಆಂಪ್ನಿಯಲ್ಲಿ ಮಾತ್ರ ಯಾರೋ ತಲೆಭಾಗವನ್ನು ಚರ್ಚಿನೊಳಗೇ ಗೋಡೆ ಕಟ್ಟಿ ಮುಚ್ಚಿಟ್ಟರು. 19ನೇ ಶತಮಾನದ ನಡುವೆ ಅದು ಸಿಕ್ಕಿ, 1860ರ ಸುಮಾರಿಗೆ ಮತ್ತೆ ಕಂಬವೇರಿತು. ಅಷ್ಟು ಕಾಲ ಮಳೆ ತಾಗದ್ದಕ್ಕೇ ಅದರ ಮೇಲೆ ಕೆತ್ತಿದ, ಶಿಲುಬೆಗೇರಿದ ಕ್ರಿಸ್ತ, ಮಗುವನ್ನೆತ್ತಿದ ಮರಿಯ, ಕವಚ ತೊಟ್ಟ ಯೋಧ ಈಗಲೂ ಗುರುತು ಸಿಗುತ್ತಾರೆ.

ವಿಕ್ಟೋರಿಯಾ ಕಾಲದವರಿಗೆ ಜೀರ್ಣೋದ್ಧಾರದ ಉತ್ಸಾಹ ವಿಪರೀತ. ಮುರಿದ ತುಂಡುಗಳ ನಡುವೆ ಕಬ್ಬಿಣದ ಸರಳಿಟ್ಟು, ಸುತ್ತ ಕಾದ ಸೀಸ ಹೊಯ್ದು ಬಿಗಿ ಮಾಡುವುದು ಆಗಿನ ವಾಡಿಕೆ. ಸೀಸ ಸರಳನ್ನು ಪೂರ್ತಿ ಮುಚ್ಚಿದ್ದರೆ ಸರಿ. ಎಲ್ಲಾದರೂ ಬಿಟ್ಟುಹೋದರೆ ನೀರಿಳಿದು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಒಳಗಿನ ಒತ್ತಡಕ್ಕೆ ಕಂಬ ಉದ್ದಕ್ಕೆ ಸೀಳುತ್ತದೆ. ಬಿರುಕಿನಂಚಿನ ಕಂದು ಕಲೆಯೇ ಮೊದಲ ಸುಳಿವು.

ಮುಂದಿನ ತಲೆಮಾರು ಆ ಬಿರುಕಿಗೆ ಸಿಮೆಂಟು ಮೆತ್ತಿತು. ಅದು ಇನ್ನೂ ಕೆಟ್ಟದ್ದು. ಮೃದುವಾದ ಸುಣ್ಣಕಲ್ಲಿನೊಳಗಿನ ತೇವ ಸಿಮೆಂಟಿನ ಮೂಲಕ ಆರದೆ ಪಕ್ಕದ ಕಲ್ಲಿನಿಂದ ಹೊರಬರುತ್ತದೆ. ಅಲ್ಲೇ ಉಪ್ಪು ಹರಳುಗಟ್ಟುತ್ತದೆ, ಚಳಿಗೆ ನೀರು ಹೆಪ್ಪುಗಟ್ಟಿ ಮೇಲ್ಮೈ ಪುಡಿಯಾಗುತ್ತದೆ. ಕೊನೆಗೆ ಸಿಮೆಂಟಿನ ಗೆರೆ ಉಬ್ಬಿ ನಿಂತು, ಕಲ್ಲು ಒಳಗೆ ಸವೆದಿರುತ್ತದೆ.

ಈಗ ಸರಳಿನ ಸುತ್ತ ಕೊರೆದು ಕಬ್ಬಿಣ ತೆಗೆದು, ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಿ, ಸಂದಿಗೆ ಸುಣ್ಣದ ಗಾರೆ ತುಂಬುತ್ತಾರೆ. ಗಾರೆ ಕಲ್ಲಿಗಿಂತ ಮೆತ್ತಗಿರಬೇಕು, ಸವೆಯುವುದಿದ್ದರೆ ಅದೇ ಸವೆಯಲಿ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಕೆಲಸ ಮಾಡುವಂತಿಲ್ಲ. ಹಸಿ ಗಾರೆಯನ್ನು ಒದ್ದೆ ಗೋಣಿಯಿಂದ ಹಲವು ದಿನ ಮುಚ್ಚಿಡಬೇಕು. ಬೇಗ ಒಣಗಿದರೆ ಬಿರಿಯುತ್ತದೆ.

ಚರ್ಚ್ ಆಫ್ ಇಂಗ್ಲೆಂಡಿನ ಅಂಗಳವಾದರೆ ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತದ ಪ್ರದೇಶ) ಅನುಮತಿ ಮೊದಲು ಬೇಕು. ಶಿಲುಬೆ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದ್ದರೆ 1979ರ ಕಾಯ್ದೆಯಡಿ ಸರ್ಕಾರದ ಒಪ್ಪಿಗೆಯೂ ಬೇಕು. ಕಲ್ಲುಹೂವನ್ನು ಉಜ್ಜಿ ತೆಗೆಯುವ ಆಸೆ ಬೇಡ. ಬ್ರಷ್ಷಿಗೆ ಅದರ ಜೊತೆಗೆ ಕೆತ್ತನೆಯೂ ಹೋಗುತ್ತದೆ.